ಸಮ ಮಾಡಿದ ನಿಂಬೆ ರಾಶಿಗಳು

ಗಂಡನನ್ನು ಮಣ್ಣು ಮಾಡಲು ಬಂದವರೆಲ್ಲ ಊರಿಗೆ ಹೋದ ಮರುದಿನ ಬೆಳಿಗ್ಗೆ... ಎಂದಿನಂತೆ ಹಾಲಿನವನು ಬಂದ. ಎಂದಿನಂತೆ ನಲ್ಲಿಯಲ್ಲಿ ನೀರು ಬಂತು.

ನನ್ನ ಗಂಡನ ಫೋನನ್ನು ಚಾರ್ಜಿಗೆ ಹಾಕಿದೆ. ಯಾಕೆಂದು ಗೊತ್ತಿಲ್ಲ.

ಅದು ರಿಂಗಾಯಿತು. ಇಂಡಿ ಪಟ್ಟಣದ ಹತ್ತಿರದ ನಿಂಬೆ ತೋಟದ ಒಡತಿ, ಸುಗಲಾಬಾಯಿ.

"ಯವ್ವಾ, ಇಂಥಾ ಹೊತ್ತಿನ್ಯಾಗ ಕೇಳಬಾರ್ದು... ಕಡೀ ಸಲದ ಕಾಯಿ ಹರದೀವಿ. ತೂಕ ಮಾಡಾವ್ರು ಯಾರು?"

"ನಾನೇ ಬರ್ತೀನಿ, ಕಾಕು."

ನನ್ನವರು ಹಣ್ಣಿನ ಬೆಳೆಗಳ ಸಂಶೋಧಕರು. ನಾನೂ ಅದೇ ಓದಿದವಳು.

ಅವರು ಹುಡುಕುತ್ತಿದ್ದದ್ದು ಒಂದೇ ಉತ್ತರ... ನಿಂಬೆಯಲ್ಲಿ ಪ್ರಯೋಗ ಮಾಡುವಾಗ ಒಂದೊಂದು ತಾಕಿನಲ್ಲಿ, ಅಂದರೆ ಪ್ರಯೋಗದ ತುಂಡು ನೆಲದಲ್ಲಿ, ಎಷ್ಟು ಗಿಡ ಇರಬೇಕು?

ಒಂದೇ ಗಿಡವಾದರೆ ಅದರ ರೋಗ, ಅದರ ಅದೃಷ್ಟ ನಮ್ಮ ದಾರಿ ತಪ್ಪಿಸುತ್ತದೆ. ತೀರಾ ಹೆಚ್ಚಾದರೆ ಜಮೀನು, ದುಡಿಮೆ ವ್ಯರ್ಥ.

ಅದಕ್ಕೇ ಇಡೀ ತೋಟಕ್ಕೆ ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು, ಪ್ರತಿ ಗಿಡದ ಕಾಯಿಯನ್ನು ಬೇರೆ ಬೇರೆ ತೂಗುತ್ತಿದ್ದರು. ಗಿಡದಿಂದ ಗಿಡಕ್ಕೆ ಎಷ್ಟು ವ್ಯತ್ಯಾಸ... ಅವರಿಗೆ ಬೇಕಾಗಿದ್ದು ಅದೇ.

ವರ್ಷದ ದೊಡ್ಡ ಕೊಯ್ಲು ಇದೊಂದೇ ಬಾಕಿ. ಇದನ್ನು ತೂಗಿದರೆ, ಅವರ ಕೆಲಸ ಅವರ ಹೆಸರಿನಲ್ಲೇ ಮುಗಿಯುತ್ತಿತ್ತು.

ತೋಟದಲ್ಲಿ ಪ್ರತಿ ಗಿಡದ ಬುಡಕ್ಕೂ ಒಂದು ರಾಶಿ. ತಕ್ಕಡಿಯ ಬಳಿ ಅವರು ನಿಲ್ಲುತ್ತಿದ್ದ ಜಾಗವನ್ನು ತುಳಿಯದೆ ಕೊಯ್ಲಿನ ಹೆಂಗಸರು ಬಳಸಿ ನಡೆಯುತ್ತಿದ್ದರು.

ನಾನೂ ಬಳಸಿಯೇ ನಡೆದೆ.

ಸಾಲಿನ ಕೊನೆಯಲ್ಲಿ ಒಂದು ಗಿಡ ಮುಕ್ಕಾಲು ಒಣಗಿತ್ತು. ಅದರ ಕೆಳಗೂ ಅಷ್ಟೇ ದೊಡ್ಡ ರಾಶಿ...

"ಕಾಕು, ಈ ಗಿಡ ಇಷ್ಟು ಕಾಯಿ ಬಿಟ್ಟಿತಾ?"

ಹೆಂಗಸರು ಮುಖ ಮುಖ ನೋಡಿಕೊಂಡರು.

"ಅದೇನ್ ಬಿಡ್ತದವ್ವಾ, ಹಿಡಿ ಕಾಯಿನೂ ಇರ್ಲಿಲ್ಲ," ಅಂದರು ಸುಗಲಾಬಾಯಿ. "ಭಾಳ ಇದ್ದ ಗಿಡದ್ದು ತಂದು ಕಮ್ಮಿ ಇದ್ದದ್ದಕ್ಕ ಹಾಕೀವಿ. ಎಲ್ಲಾ ಸಮ ಮಾಡೀವಿ ನೋಡು. ಸಾಹೇಬ್ರ ಕೆಲಸಕ್ಕ ಯಾರೂ ಕುಂದು ತಗದು ಹೆಸರಿಡಬಾರ್ದು."

"ಮೊದಲೂ ಹೀಗೇ ಮಾಡ್ತಿದ್ರೇನು?"

"ಬಿಡ್ತಿದ್ರ ಅವ್ರು? ಒಂದು ಕಾಯಿ ಉರುಳಿ ಆ ಗಿಡದ ಕಡೆ ಹೋದ್ರ, ಬೆನ್ನು ಹತ್ತಿ ಓಡ್ತಿದ್ರು."

ನನಗೆ ನಗು ಬಂತು... ನಿಲ್ಲುವಷ್ಟರಲ್ಲಿ ಅದು ಅಳುವಾಗಿತ್ತು. ಮಣ್ಣಿನ ದಿನವೂ ಬಾರದ ಅಳು.

"ತಪ್ಪಾತೇನ, ಯವ್ವಾ?"

ಅವರ ಕೈ ಹಿಡಿದುಕೊಂಡೆ.

ಹಾಗೇ ತೂಗಿ ಕಳಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಗಿಡಗಳೆಲ್ಲ ಒಂದೇ ಸಮ, ತಾಕಿಗೆ ಒಂದು ಗಿಡ ಸಾಕು ಎಂಬ ಚಂದದ ಉತ್ತರ ಅವರ ಹೆಸರಿನಲ್ಲಿ ಅಚ್ಚಾಗುತ್ತಿತ್ತು.

ಅದನ್ನು ನಂಬಿದವರೆಲ್ಲ ಮುಂದೆ ದಾರಿ ತಪ್ಪುತ್ತಿದ್ದರು...

ಅವರ ಪ್ರೊಫೆಸರಿಗೆ ಫೋನ್ ಮಾಡಿದೆ. "ಸರ್, ಈ ಕೊಯ್ಲಿನ ತೂಕ ಸಿಗೋದಿಲ್ಲ. ಕಾಯಿ ಬೆರೆತುಹೋಗಿದೆ."

"ಹಾಗಾದ್ರೆ ಅವನ ಹೆಸರಲ್ಲಿ ಉತ್ತರ ಬರೋದಿಲ್ಲವಲ್ಲಮ್ಮ."

"ಬರೋದಿಲ್ಲ, ಸರ್."

ಸುಗಲಾಬಾಯಿ ಆ ಒಣಗಿದ ಗಿಡದ ಹತ್ತಿರವೇ ನಿಂತಿದ್ದರು.

"ಇದನ್ನ ಹೋದ ವರ್ಷನೇ ಕಡಿಸಾಕ ನಿಂತಿದ್ದೆ. ಸಾಹೇಬ್ರು ಬಿಡ್ಲಿಲ್ಲ. 'ಕಾಕು, ಕಡೀ ಕಾಯಿ ಹರಿಯೂ ತನಕ ಇದೊಂದು ಗಿಡಾ ನನಗ ಕಡಾ ಕೊಡ್ರಿ, ಆಮ್ಯಾಲ ವಾಪಸ್ ಕೊಡ್ತೀನಿ' ಅಂದ್ರು... ಹೊಸಾ ಸಸಿ ತಂದಿಟ್ಟೀನಿ. ಈಗ ಕೊಡ್ಲಿ ಎತ್ತಾಕ ಕೈ ಬರವಲ್ದು."

ಕೊಂಬೆಯಲ್ಲಿ ನಂಬರಿನ ತಗಡು ಅಲುಗುತ್ತಿತ್ತು. ತಂತಿಯ ಗಂಟು ಎಡಕ್ಕೆ ತಿರುಗಿತ್ತು. ಅದನ್ನು ಕಟ್ಟಿದ ನನ್ನವರು ಎಡಚರು.

ನಿಧಾನವಾಗಿ ಬಿಚ್ಚಿದೆ. ಮುಳ್ಳು ಚುಚ್ಚಿತು.

"ಕಾಕು... ನಿಮ್ಮ ಗಿಡ ನಿಮಗೆ ಒಪ್ಪಿಸಿದ್ದೀನಿ. ಇನ್ನು ಕಡೀರಿ."

ಒಣಗಿದ್ದನ್ನು ಒಣಗಿದೆ ಎಂದು ಒಪ್ಪಿಕೊಳ್ಳುವುದಕ್ಕೂ ಪ್ರೀತಿಯೇ ಬೇಕು.

ನಿಮ್ಮ ಬದುಕಿನ ಸಾಲಿನಲ್ಲಿ, ಯಾವ ಗಿಡದ ಕೆಳಗೆ ನೀವು ಬೇರೆ ಗಿಡದ ಕಾಯಿ ಸುರಿಯುತ್ತಿದ್ದೀರಿ?