ಹೆಣ್ಣಿನವರು ಬಂದಾಗ

ರವೆ ಹುರಿಯುವ ಘಮ ಬಂದರೆ ಸಾಕು, ಸುಗುಣಮ್ಮನಿಗೆ ಬಾಲ್ಯದಲ್ಲಿ ಅಕ್ಕನನ್ನು ನೋಡಲು ಬರುತ್ತಿದ್ದ ಗಂಡಿನವರ ನೆನಪಾಗುತ್ತಿತ್ತು. ಇಂದು ನೋಡಲು ಬಂದವರು ಹೆಣ್ಣಿನವರು. ಮಗ ಮೆಚ್ಚಿದ ವಂಜಿರು ತಾಯಿಯೊಂದಿಗೆ ಕೀನ್ಯಾದಿಂದ ಬಂದಿದ್ದಳು. ಈ ಮದುವೆಗೆ ಒಪ್ಪದ ಯಜಮಾನರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕುಳಿತಿದ್ದರು.

"ಅಪ್ಪಾ, ಅವರ ಮನೇಲಿ ಗಂಡಿನ ತಂದೆ ಎದ್ದು ಬಡಿಸಿದ್ರೇನೇ ಒಪ್ಪಿಗೆ ಅಂತೆ. ಇಲ್ದಿದ್ರೆ ಊಟ ಮುಟ್ಟಲ್ಲವಂತೆ," ಎಂದ ಮಗ.

"ನಿಮ್ಮಪ್ಪ ನೀರಿನ ಲೋಟ ಎತ್ತಿದ್ದೂ ನಾನು ನೋಡಿಲ್ಲ ಕಣೋ," ಎಂದರು ಸುಗುಣಮ್ಮ ಗಾಬರಿಯಿಂದ.

ಯಜಮಾನರು ಪೇಪರು ಮಡಚಿ ಒಳಗೆ ಹೋದರು. ಸೌಟು ಬಿದ್ದ ಸದ್ದಾಯಿತು.

"ಲೇ, ಚಿತ್ರಾನ್ನಕ್ಕೆ ಉಪ್ಪು ಹಾಕಿದೀಯೇನೇ?"

ಎರಡು ತಟ್ಟೆ ಹಿಡಿದು ಬಂದು, ಒಂದನ್ನು ವಂಜಿರುವಿನ ತಾಯಿಗೆ ಕೊಟ್ಟರು. ಇನ್ನೊಂದನ್ನು, ಬಡಿಸಲು ಎದ್ದ ಸುಗುಣಮ್ಮನನ್ನು ಕೂರಿಸಿ, ಹೆಂಡತಿಯ ಕೈಗೇ ಇತ್ತರು.