‘ಹೌದು’, ‘ಇಲ್ಲ’ ಅನ್ನಬಾರದ ಆಟ

ತವೆಯ ಮೇಲೆ ಜೋಳದ ಹಿಟ್ಟು ಕಮರಿದರೆ ಈಗಲೂ ಅಜ್ಜಿಯ ಊರು ಜುಗೂಳದ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ಹೊಳೆಯಲ್ಲಿ ಮುಳುಗಿ ತೀರಿಕೊಂಡು ತಿಂಗಳಾಗಿತ್ತು. ನನ್ನನ್ನು ನಗಿಸಲು ಮಾಮಾ ಸಿ.ಡಿ. ಹಾಕಿ, ಇಂಗ್ಲೆಂಡಿನ ಹಳೆಯ ಕಪ್ಪು-ಬಿಳುಪು ಟಿ.ವಿ. ಕ್ವಿಜ್ ತೋರಿಸುತ್ತಿದ್ದ. ಏನು ಕೇಳಿದರೂ ‘ಹೌದು’, ‘ಇಲ್ಲ’ ಅನ್ನದೆ ಉತ್ತರಿಸಬೇಕು. ಬಾಯಿ ತಪ್ಪಿದರೆ ಜಾಗಟೆ ಬಾರಿಸಿ ಕಳಿಸುತ್ತಿದ್ದರು.

“ಅದೇನ್ ದೊಡ್ಡ ಆಟ ಬಿಡೋ,” ಎಂದಳು ರೊಟ್ಟಿ ಬಡಿಯುತ್ತಿದ್ದ ಅಜ್ಜಿ, ಅವ್ವನ ತಾಯಿ. “ನಮ್ಮಲ್ಲಿ ಮೊದಲ್ನೇ ಕೂಗಿಗೆ ಓ ಅನ್ನಂಗಿಲ್ಲ. ದೆವ್ವ ಒಮ್ಮೆನ ಕೂಗತೈತಿ.”

ಅಷ್ಟರಲ್ಲಿ ಹಿತ್ತಲಿನಿಂದ ಯಾರೋ ನನ್ನ ಹೆಸರು ಹಿಡಿದು ಕೂಗಿದರು. ಅವ್ವನದೇ ದನಿ. ನಾನು ಓಗೊಡುವ ಮೊದಲೇ ಮಾಮಾ ನನ್ನ ಬಾಯಿ ಮುಚ್ಚಿದ. ಎರಡನೇ ಕೂಗಿಗೆ ಮೂವರೂ ಕಾದೆವು. ಬರಲಿಲ್ಲ.

ಅಜ್ಜಿ ಹಿಟ್ಟಿನ ಕೈಯಲ್ಲೇ ಎದ್ದು ಹೋಗಿ ಹಿತ್ತಲ ಬಾಗಿಲು ತೆರೆದಳು.

“ಓ, ಬಾ ಮಗಳ,” ಅಂದಳು.