ಜೊತೆಗೆ ಬಂದದ್ದು

ತನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ ಬೇಡದ್ದೊಂದು ಕಡ್ಡಿಯನ್ನೂ ಅವನು ಇಟ್ಟುಕೊಂಡವನಲ್ಲ. ಹೆಂಡತಿ ತೀರಿಕೊಂಡು ತಿಂಗಳು ತುಂಬುತ್ತಿದ್ದಂತೆ, ಅವಳು ಕಸೂತಿಯ ಚಿತ್ತಾರ ಬರೆಯಲೆಂದು ಹಾಕಿಸಿಕೊಂಡಿದ್ದ ಸಾಫ್ಟ್‌ವೇರನ್ನು ತೆಗೆದುಹಾಕಿದ. ಕೂಡಲೇ ಪರದೆಯ ಮೇಲೆ ಇನ್ನೊಂದಿಷ್ಟು ಸಣ್ಣಪುಟ್ಟ ಸಹಾಯಕ ಪ್ಯಾಕೇಜುಗಳ ಹೆಸರುಗಳು ಸಾಲುಗಟ್ಟಿ ನಿಂತವು.

ಬಾಗಿಲ ಬಳಿ ನಿಂತಿದ್ದ ಹುಡುಗಿ ಹತ್ತಿರ ಬಂದಳು. "ಇವೆಲ್ಲ ಏನು?"

"ಇವನ್ನ ನಾನು ಕೇಳಿ ಹಾಕ್ಕೊಂಡಿದ್ದಲ್ಲ. ಅಮ್ಮನ ಸಾಫ್ಟ್‌ವೇರ್ ಜೊತೆ ತಾವಾಗೇ ಬಂದಿದ್ವು. ಈಗ ಅದೇ ಇಲ್ವಲ್ಲ, ಇವಕ್ಕೇನು ಕೆಲಸ? ತೆಗೀಲಾ ಅಂತ ಕೇಳ್ತಿದೆ."

"ಏನಾದ್ರೂ ತೊಂದ್ರೆ ಕೊಡ್ತಾವಾ?"

"ತೊಂದ್ರೆ ಏನಿಲ್ಲ. ಸುಮ್ನೆ ಜಾಗ ತಿಂತಾವೆ."

"ಉಳಿಸ್ಕೊಳ್ಳೋಕೆ ಆಗೋದೇ ಇಲ್ವಾ?"

ಹೇಳಿಕೊಡುವುದೆಂದರೆ ಅವನಿಗೆ ಮೊದಲಿನಿಂದಲೂ ಖುಷಿ. ಕುರ್ಚಿ ತಿರುಗಿಸಿ ಕೂತ. "ಯಾಕಾಗಲ್ಲ? ಇದು ನಂಗೆ ಬೇಕು ಅಂತ ಒಂದು ಗುರುತು ಹಾಕಿದ್ರಾಯ್ತು. ಆಮೇಲೆ ಅದು ಯಾರ ಜೊತೆ ಬಂತು ಅಂತ ಕಂಪ್ಯೂಟರ್ ಕೇಳೋದೇ ಇಲ್ಲ. ಮನೇದೇ ಆಗ್ಬಿಡುತ್ತೆ."

"ಅಷ್ಟೇನಾ?"

"ಅಷ್ಟೇ," ಎಂದವನೇ ಅವನು ಕಂಪ್ಯೂಟರಿನತ್ತ ತಿರುಗಿ, ತೆಗೆಯಲು ಒಪ್ಪಿಗೆಯೆಂದು 'ವೈ' ಒತ್ತಿದ. ಹೆಸರುಗಳು ಒಂದೊಂದಾಗಿ ಅಳಿಸಿಹೋದವು.

ಹೊರಗೆ, ಹುಡುಗಿಯನ್ನು ತನ್ನ ಮನೆಗೆ ಕರೆದೊಯ್ಯಲು ಬಂದಿದ್ದ ಅವಳ ಸೋದರಮಾವ ಆಟೋದ ಹಾರ್ನ್ ಒತ್ತಿದ. ಅವಳು ಬಾಗಿಲ ಬಳಿ ಇಟ್ಟಿದ್ದ ಬಟ್ಟೆ ತುಂಬಿದ ಬ್ಯಾಗನ್ನು ಎತ್ತಿಕೊಂಡಳು.

"ಅಮ್ಮನ ಜೊತೆ ಬಂದ ನಂಗೂ ಆ ಗುರುತು ಹಾಕಬಹುದಿತ್ತಲ್ವಾ, ಅಂಕಲ್?"